ಗಂಡನಿಗೆ ಗೊತ್ತಿದ್ದ ನನ್ನ ಕಾಯಿಲೆ

“ಹೋದ ವರ್ಷ ಸ್ಕ್ಯಾನ್ ನೋಡಿದಾಗಲೇ ಇದು ಮಲ್ಟಿಪಲ್ ಸ್ಕ್ಲೆರೋಸಿಸ್, ನರದ ಕಾಯಿಲೆ ಅಂತ ನಿಮ್ಮ ಯಜಮಾನರಿಗೆ ಹೇಳಿದ್ದೆನಲ್ಲಮ್ಮ?”

ಒಂದು ಕಣ್ಣು ಮಂಜಾಯಿತೆಂದು ಮತ್ತೆ ಬಳ್ಳಾರಿಗೆ ಹೋದ ದಿನ ಡಾಕ್ಟರು ಹೀಗೆಂದಾಗ, ಪಕ್ಕದಲ್ಲಿ ಕುಳಿತಿದ್ದ ಗಂಡನ ಮುಖ ನೋಡಿದೆ. ಅವರು ತಲೆ ತಗ್ಗಿಸಿದರು.

ಆಗ ನನಗೆ ಐವತ್ತೆರಡು. ಮೊಳಕಾಲ್ಮೂರಿನಲ್ಲಿ ಮೂವತ್ತು ವರ್ಷ ರೇಷ್ಮೆ ಸೀರೆ ನೇಯ್ದವಳು. ಆ ಒಂದು ವರ್ಷ ಬೆರಳು ಮರಗಟ್ಟಿ ಎಳೆ ಕಡಿದಾಗಲೆಲ್ಲ, ನಡೆಯುವಾಗ ಕಾಲು ತೊಡರಿದಾಗಲೆಲ್ಲ, “ನಿಶ್ಶಕ್ತಿ ಅಷ್ಟೇ” ಎಂದು ಇವರು ಟಾನಿಕ್ ತಂದುಕೊಡುತ್ತಿದ್ದರು. ನಾದಿನಿ ಸೋಮಾರಿತನ ಎಂದಳು. ನಾನೂ ಹಾಗೇ ಇರಬಹುದೆಂದು ನನ್ನನ್ನೇ ಬೈದುಕೊಂಡು, ಇನ್ನೂ ಹೆಚ್ಚು ಹೊತ್ತು ಮಗ್ಗಕ್ಕೆ ಕೂರುತ್ತಿದ್ದೆ. ದಣಿಯಬಾರದು, ಬಿಸಿಲಿಗೆ ಹೋಗಬಾರದು ಎಂದು ಡಾಕ್ಟರು ಇವರಿಗೆ ಹೇಳಿದ್ದ ಮಾತೂ ನನ್ನ ಕಿವಿಗೆ ಬಿದ್ದಿರಲಿಲ್ಲ.

“ಕಾಯಿಲೆ ಬಂದಿರೋದು ನಂಗೆ. ನಂಗ್ಯಾಕೆ ಹೇಳ್ಲಿಲ್ರಿ?” ಎಂದು ಡಾಕ್ಟರನ್ನೇ ಕೇಳಿದೆ. ಮನೆಯವರಿಗೆ ಹೇಳಿದರೆ ಸಾಕು ಅಂದುಕೊಂಡಿದ್ದೆ ಎಂದರು.

ಹೊರಗೆ ಬಂದ ಮೇಲೆ ಇವರು ಮೆಲ್ಲಗೆ, “ಹೆದರ್ತೀಯ ಅಂತ ಹೇಳ್ಲಿಲ್ಲ ಕಣೆ” ಎಂದರು.

“ಮೈಗೆ ಏನಾಗೈತೆ ಅಂತ ಗೊತ್ತಾಗ್ದೆ ವರ್ಷಪೂರ್ತಿ ಹೆದರ್ಕೊಂಡೇ ಇದ್ನಲ್ರಿ, ಅದು ನಿಮಗೆ ಕಾಣ್ಲಿಲ್ವಾ?” ಎಂದೆ.

ಈಗ ಡಾಕ್ಟರ ಕೋಣೆಗೆ ನಾನೊಬ್ಬಳೇ ಹೋಗುತ್ತೇನೆ, ಇವರು ಹೊರಗೆ ಬೆಂಚಿನ ಮೇಲೆ ಕೂರುತ್ತಾರೆ. ಕಾಯಿಲೆ ಬಂದಿದ್ದಕ್ಕೆ ಯಾರನ್ನೂ ದೂರುವುದಿಲ್ಲ. ಆದರೆ ನಾನು ಸೋಮಾರಿ ಎಂದು ನಾನೇ ನಂಬಿ ಬದುಕಿದ ಆ ಒಂದು ವರ್ಷದ ಸಿಟ್ಟು ಇನ್ನೂ ಆರಿಲ್ಲ.