ಮಾಳಿಗೆಯ ಮೇಲಿನ ಮಣ್ಣು

ಅವತ್ತು ಹೇವರ್ಡ್‌ನಲ್ಲಿ ಒಳ್ಳೆಯ ಬಿಸಿಲಿತ್ತು ಎಂದು ಬರೆದು ಮುಂದೆ ಹೋಗಿದ್ದೆ. ಆಮೇಲೆ ಫೋಟೋ ತೆಗೆದು ನೋಡಿದರೆ ಎಲ್ಲರೂ ಸ್ವೆಟರು ಹಾಕಿಕೊಂಡಿದ್ದಾರೆ, ಒಬ್ಬರು ಮಫ್ಲರು ಸುತ್ತಿಕೊಂಡಿದ್ದಾರೆ. ಬಿಸಿಲನ್ನು ನಾನೇ ತಂದು ಹಾಕಿದ್ದೆ. ಇನ್ನೂ ಏನೇನು ತಂದು ಹಾಕಿದ್ದೇನೋ ಗೊತ್ತಿಲ್ಲ. ನಾನು ಆಡಿದ ಎರಡು ಮಾತು ಮಾತ್ರ ಖಚಿತ. ಅವನ್ನು ಕೇಳಿದವರು ಇದ್ದಾರೆ.

ವಾಲ್ನಟ್ ಕ್ರೀಕಿನ ಒಂದು ಸಣ್ಣ ಆಫೀಸಿನಲ್ಲಿ ನನ್ನ ಕೆಲಸ. ಹಳೆಯ ಮನೆಗಳು ಭೂಕಂಪವನ್ನು ತಡೆಯುತ್ತವೆಯೇ ಎಂದು ನೋಡಬೇಕು, ತಡೆಯದಿದ್ದರೆ ಎಲ್ಲಿ ಬೋಲ್ಟು ಬಿಗಿಯಬೇಕು, ಎಲ್ಲಿ ಪ್ಲೈವುಡ್ ಹೊಡೆಯಬೇಕು ಎಂದು ಹೇಳಬೇಕು. ಊರಿನಿಂದ ಈ ಪರದೇಶಕ್ಕೆ, ಮಕ್ಕಳ ಮನೆಗೆ ಬಂದ ಹಿರಿಯರನ್ನು ಶನಿವಾರ ಬೆಳಿಗ್ಗೆ ಎಲ್ಲಾದರೂ ಸುತ್ತಿಸುವ ಗುಂಪೊಂದು ನಮ್ಮಲ್ಲಿದೆ. ದೇವಸ್ಥಾನ, ಸೇತುವೆ, ಮಾಲು ಎಲ್ಲ ಮುಗಿದಿದ್ದವು. ಭೂಮಿ ಸೀಳಿದ ಜಾಗ ತೋರಿಸುತ್ತೇನೆ ಬನ್ನಿ ಎಂದೆ. ಏಳೆಂಟು ಜನ ಬಂದರು.

ತೋರಿಸಲು ಹೆಚ್ಚೇನೂ ಇರಲಿಲ್ಲ. ರಸ್ತೆಯಂಚಿನ ಸಿಮೆಂಟು ಕಟ್ಟೆ ನೇರವಾಗಿ ಬಂದು, ಒಂದು ಕಡೆ ಗೇಣಿನಷ್ಟು ಪಕ್ಕಕ್ಕೆ ಸರಿದು, ಮತ್ತೆ ನೇರವಾಗಿ ಹೋಗುತ್ತದೆ. ಕೆಳಗೆ ಭೂಮಿ ನಿಧಾನವಾಗಿ ಜಾರುತ್ತಲೇ ಇದೆ.

ಮಫ್ಲರಿನವರು ಮಂಡ್ಯದವರು. ಬಗ್ಗಿ ನೋಡಿ, "ಏನವ್ವ, ಭೂಮಿ ಬಾಯ್ ಬುಟ್ಟದೆ ಅಂತ ಕರ್ಕೊಂಡ್ ಬಂದು ಫುಟ್‌ಪಾತು ತೋರುಸ್ತಿದ್ದೀಯಲ್ಲ! ನಮ್ಮೂರಲ್ಲಿ ಕಂಟ್ರಾಕ್ಟ್ರು ಕಟ್ಟಿದ್ದೆಲ್ಲ ಇಂಗೇಯ. ಭೂಕಂಪನೇ ಬೇಕಾಗಿಲ್ಲ" ಎಂದರು.

ಎಲ್ಲರೂ ನಕ್ಕರು. ನನಗೆ ನಗುವುದು ಕಷ್ಟವಾಯಿತು. ಅವರನ್ನು ಗೆಲ್ಲಬೇಕು ಅನ್ನಿಸಿತು. ಅದಕ್ಕೇ ನಾನು ಸಾವಿರದ ಎಂಟುನೂರ ಅರವತ್ತೆಂಟರ ಭೂಕಂಪದ ಕಥೆ ತೆಗೆದೆ.

ಆಗ ಇದು ಗಡಿನಾಡು. ಚಿನ್ನ ಸಿಗದೆ ಬೆಟ್ಟ ಇಳಿದು ಬಂದವರು ಗೋಧಿ ಬಿತ್ತುತ್ತಿದ್ದರು. ಒಂದು ಹೋಟೆಲು, ಕೆಲವು ಅಂಗಡಿ, ಸುತ್ತ ಹೊಲ. ಅಕ್ಟೋಬರಿನ ಒಂದು ಬೆಳಿಗ್ಗೆ, ಒಲೆ ಹೊತ್ತಿರುವ ಹೊತ್ತಿಗೆ ನೆಲ ನಡುಗಿತು. ಈ ಊರಿನಲ್ಲಿ ಏಟು ತಿನ್ನದ ಕಟ್ಟಡವೇ ಇರಲಿಲ್ಲ ಅನ್ನಬೇಕು. ಪಕ್ಕದೂರಿನ ಕೋರ್ಟು ಕುಸಿಯಿತು. ದಕ್ಷಿಣಕ್ಕೆ, ಈಗಿನ ಫ್ರೀಮಾಂಟ್‌ನಲ್ಲಿ, ಪಾದ್ರಿಗಳ ಕಾಲದ ದೊಡ್ಡ ಚರ್ಚಿತ್ತು: ಹಸಿ ಇಟ್ಟಿಗೆಯ ದಪ್ಪ ಗೋಡೆ, ಮೇಲೆ ಹೆಂಚಿನ ಭಾರ. ಆ ಇಟ್ಟಿಗೆಗೆ ಮಣ್ಣು ತುಳಿದವರು ಇಲ್ಲಿನ ಮೂಲನಿವಾಸಿಗಳು, ಅವರನ್ನು ಕೇಳಿ ಯಾರೂ ತುಳಿಸಿರಲಿಲ್ಲ. ಅದು ಹಾಳಾಯಿತು. ಹೊಸದಾಗಿ ಬಂದವರ ಮರದ ಮನೆಗಳು ಅಡಿಪಾಯದಿಂದ ಜಾರಿದವು, ಚಿಮಣಿ ಉದುರಿದವು, ಆದರೆ ಒಳಗಿದ್ದವರನ್ನು ಹೂಳಲಿಲ್ಲ.

ನಗು ನಿಂತಿತ್ತು. ನನಗೆ ಖುಷಿಯಾಗಿತ್ತು.

"ಯವ್ವಾ, ಕಟಗಿ ಮನಿ ಕುಸಿದು ಕುಂದರಲಿಲ್ಲ ಅಂದಿ?"

ಕೇಳಿದವರು ಹಿಂದೆ ನಿಂತಿದ್ದ ಒಬ್ಬ ತಾಯಿ. ಆಳಂದದ ಆಚೆ, ಮಹಾರಾಷ್ಟ್ರದ ಗಡಿಯ ಹಳ್ಳಿಯವರು. ಅವರ ಮಗ ನನ್ನ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯಲ್ಲಿದ್ದಾನೆ. ಅವತ್ತು ಅವರನ್ನು ಕರೆತಂದವನೂ ಅವನೇ, ಪಕ್ಕದಲ್ಲೇ ನಿಂತಿದ್ದ.

ಅವರ ಮನೆಯ ವಿಷಯ ನನಗೆ ತಿಳಿದಿರಲಿಲ್ಲ ಎಂದು ಮೊದಲ ಸಲ ಬರೆದಿದ್ದೆ. ಅದನ್ನು ಅಳಿಸಿದ್ದೇನೆ. ತಿಳಿದಿತ್ತು. ಒಮ್ಮೆ ಫ್ರೀವೇಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಮಗ ಎಲ್ಲ ಹೇಳಿದ್ದ. ಮೂವತ್ತು ವರ್ಷದ ಹಿಂದೆ, ಗಣಪತಿ ಕಳಿಸಿ ಬಂದು ಮಲಗಿದ ನಸುಕಿನಲ್ಲಿ ಅವರ ಕಡೆ ಭೂಕಂಪವಾಯಿತು. ಅವನೂ ಅಪ್ಪನೂ ಹೊರಗೆ ಕಟ್ಟೆಯ ಮೇಲೆ ಮಲಗಿದ್ದರು. ತಾಯಿ ಹಿತ್ತಲಿಗೆ ಎದ್ದು ಹೋಗಿದ್ದರು. ಒಳಗಿದ್ದವಳು ಅಕ್ಕ ಒಬ್ಬಳೇ. ಮನೆಯ ಪಡುವಣ ಗೋಡೆ ಆ ಮೊದಲೇ ಹೊಟ್ಟೆ ಬಿಟ್ಟಿತ್ತು. ಕಟ್ಟಿಸು ಎಂದು ತಾಯಿ ಹೇಳುತ್ತಿದ್ದರಂತೆ, ಸುಗ್ಗಿ ಆಗಲಿ ಎಂದು ಅಪ್ಪ ಮುಂದೂಡಿದ್ದನಂತೆ. ಆ ಗೋಡೆಯೇ ಅಕ್ಕನನ್ನು ಕೊಂದಿತು ಎಂದು ತಾಯಿ ಹೇಳಿದರಂತೆ. ತಾಯಿ ಆಮೇಲೆ ಗಂಡನಿಗೆ ಊಟ ಬಡಿಸಿದರು, ಮಾತಾಡಲಿಲ್ಲ. ಮಗ ದೊಡ್ಡವನಾಗಿ ತಾನೂ ಮಾತು ಬಿಟ್ಟ. ಹೋದ ವರ್ಷ ಅಪ್ಪ ಸತ್ತಾಗ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸು ಇದೆ ಎಂದು ಹೋಗಲೂ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೇ ನಾನು ಉತ್ತರ ಕೊಟ್ಟೆ.

"ಮರದ ಮನೇಲಿ ಮೇಲೆ ಭಾರ ಕಮ್ಮಿ ಅಲ್ವಾಮ್ಮ. ಹಗುರ ಇದ್ರೆ ತೂಗಾಡಿ ನಿಲ್ಲುತ್ತೆ."

"ನಮ್ದು ಮಾಳಗಿ ಮನಿ. ಕಲ್ಲಿನ ಗ್ವಾಡಿ, ಅದರ ಮ್ಯಾಲ ತೊಲಿ, ತೊಲಿ ಮ್ಯಾಲ ಮಣ್ಣು."

"ಎಷ್ಟು ದಪ್ಪ ಮಣ್ಣು?"

ಅವರು ಕೈಯನ್ನು ಮೊಣಕಾಲಿನ ಹತ್ತಿರ ಹಿಡಿದರು. ಸ್ವಲ್ಪ ಯೋಚಿಸಿ ಇನ್ನೂ ಮೇಲಕ್ಕೆ ತಂದರು. "ವರ್ಷಾ ಮಳಿಗಾಲಕ್ಕ ಮುಂಚೆ ಹಾಕತಿದ್ವಿ. ಇಲ್ಲಂದ್ರ ಸೋರತದ. ಗಂಡಸರು ಹೊಲದಾಗ ಇರತಿದ್ರು, ನಾವ ಹೆಣ್ಣಮಕ್ಕಳು ಬುಟ್ಟಿಲೆ ಹೊತ್ತು ಹಾಕೋದು."

"ಹಳೇದನ್ನ ತೆಗೀತಿರ್ಲಿಲ್ವಾ?"

"ಹಳೇದ್ಯಾಕ ತೆಗೀಬೇಕು? ಅದರ ಮ್ಯಾಲ ಹಾಕೋದು."

ನನ್ನ ಕೈಯಲ್ಲಿ ಒಂದು ಹಾಳೆಯಿತ್ತು. ಹಿಂಬದಿಯಲ್ಲಿ ಎರಡು ಗೋಡೆ ಎಳೆದೆ, ಮೇಲೆ ತೊಲೆ, ತೊಲೆಯ ಮೇಲೆ ಪೆನ್ನಿನಿಂದ ಮಣ್ಣು ತುಂಬಿದೆ. ಪ್ರತಿ ವರ್ಷಕ್ಕೆ ಒಂದು ಗೆರೆ. ಚಿತ್ರ ಚೆನ್ನಾಗಿ ಬಂತು. ಮಂಡ್ಯದವರೂ ಹತ್ತಿರ ಬಂದು ನೋಡಿದರು.

"ನೋಡಿ, ಕೊಂದಿದ್ದು ಗೋಡೆ ಅಲ್ಲ," ಎಂದೆ. "ಮೇಲಿನ ಮಣ್ಣು. ಒಂದೊಂದು ವರ್ಷಾನೂ ಭಾರ ಜಾಸ್ತಿ ಮಾಡ್ತಾ ಹೋಗಿದೀರ."

ಇದು ಮೊದಲ ಮಾತು.

ಆ ಮನೆಯನ್ನು ನಾನು ಕಂಡವಳಲ್ಲ. ಹೊಟ್ಟೆ ಬಿಟ್ಟ ಕಲ್ಲಿನ ಗೋಡೆಯೂ ಕೊಲ್ಲುತ್ತದೆ, ಮಣ್ಣೂ ಕೊಲ್ಲುತ್ತದೆ, ಯಾವುದು ಮೊದಲು ಎಂದು ಇಷ್ಟು ದೂರದಲ್ಲಿ ನಿಂತು ಯಾವ ಎಂಜಿನಿಯರೂ ಹೇಳಲಾರಳು. ಆಫೀಸಿನ ವರದಿಯಲ್ಲಾದರೆ ಸ್ಥಳ ಪರಿಶೀಲಿಸಿಲ್ಲ ಎಂಬ ಸಾಲನ್ನು ಮರೆಯದೆ ಹಾಕುತ್ತೇನೆ. ಆ ತಾಯಿಗೆ ಹಾಕಲಿಲ್ಲ.

ಅವರು ಹಾಳೆಯನ್ನು ತೆಗೆದುಕೊಂಡರು. "ಆ ವರ್ಷ ನಾನ ಹಾಕಿದ್ದೆ," ಎಂದರು, ನನಗಲ್ಲ, ಹಾಳೆಗೆ ಹೇಳುವಂತೆ. ಮಗ ಅವರ ಮುಖ ನೋಡುತ್ತಿದ್ದ. ಆಮೇಲೆ ಎಲ್ಲರೂ ಕಾಫಿ ಕುಡಿಯಲು ಹೋದೆವು. ಅವರು ಕುಡಿದರೋ ಇಲ್ಲವೋ ನೆನಪಿಲ್ಲ. ಕುಡಿಯಲಿಲ್ಲ ಎಂದು ಬರೆದರೆ ಕಥೆಗೆ ಒಪ್ಪುತ್ತದೆ. ಅದಕ್ಕೇ ಬರೆಯುವುದಿಲ್ಲ.

ಎಂಟು ದಿನ ಕಳೆದ ಮೇಲೆ ಮಗನ ಫೋನು ಬಂತು.

"ಅಕ್ಕಾ, ಒಂದೀಟು ಮನಿಗಿ ಬರ್ತೀರೇನು? ಅವ್ವ ಸರಿ ಊಟ ಮಾಡವಲ್ಲಳು. ಇಡೀ ದಿನ ಆ ಹಾಳಿ ಹಿಡ್ಕೊಂಡು ಕೂಡತಾಳ."

"ನಾನು ಬಂದು ಏನ್ ಮಾಡ್ಲಪ್ಪಾ?"

"ನೀವ ಹೇಳಿದ್ದಲ್ರೀ? ನೀವ ಬಂದು ಕ್ಲಿಯರ್ ಮಾಡ್ರಿ. ನನಗೂ ಬೇಕಾಗೇದ."

ಕೆಳಗಿನ ಮನೆಗೆ ಹೋದೆ. ಭಾನುವಾರದ ಮಧ್ಯಾಹ್ನ. ತಾಯಿ ಒಲೆಯ ಮುಂದೆ ನಿಂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಟಿವಿಯ ಪಕ್ಕದ ಶೆಲ್ಫಿನ ಮೇಲೆ ಹೊಸದಾಗಿ ಒಂದು ಫೋಟೋ ಬಂದಿತ್ತು: ಟೋಪಿ ಹಾಕಿದ ಮುದುಕ, ಯಾವುದೋ ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿದ್ದು, ಮುಖವೆಲ್ಲ ಮಸುಕು. ಅವನ ಅಪ್ಪ. ಮುಂದೆ ಒಂದು ಬಾಳೆಹಣ್ಣು ಇಟ್ಟಿದ್ದರು.

"ಈ ವಾರ ಇಟ್ಟೀನ್ರಿ," ಎಂದ ಮಗ. "ಇಪ್ಪತ್ತು ವರ್ಷ ಮಾತಾಡಿಸಿಲ್ಲ ಅಕ್ಕಾ ನಾನು. ಫೋನ್ ಹಚ್ಚತಿದ್ದ, ಕಟ್ ಮಾಡತಿದ್ದೆ. ಈಗ ನೀವು ನೋಡಿದ್ರ ಗ್ವಾಡಿ ಅಲ್ಲ ಅಂತೀರಿ." ಅಡುಗೆಮನೆಯ ಕಡೆ ತಿರುಗಿ ಅವನ ದನಿ ಏರಿತು. "ಅವ್ವಾ, ನಿನಗ ಗೊತ್ತಿತ್ತೇನು? ಮಣ್ಣು ನೀನ ಹಾಕಿದಿ ಅಂತ ಯಾಕ ಹೇಳಲಿಲ್ಲ? ಸುಮ್ನ ಅವನ ತಲಿಗಿ ಕಟ್ಟಿದೇನು?"

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ.

"ಅವಳನ್ನ ಕೇಳು," ಎಂದರು ತಾಯಿ, ತಿರುಗದೆ. "ಓದಿದಾಕಿ ಇದ್ದಾಳ."

ಅವನು ನನ್ನನ್ನು ನೋಡಿದ. "ಹೇಳ್ರಿ ಅಕ್ಕಾ. ಗ್ವಾಡಿನೋ ಮಣ್ಣೋ? ಒಂದ ಮಾತು."

ಈಗ ಸದ್ದು ನಿಂತಿತು. ತಾಯಿ ತಿರುಗಿದರು, ಎರಡೂ ಕೈಗೆ ಹಿಟ್ಟು. ಅವರ ಕಣ್ಣಿನಲ್ಲಿ ಬೇಡಿಕೆ ಇತ್ತು ಎಂದು ಬರೆಯಬಹುದು. ನಾನು ಕಂಡದ್ದು ಬೇರೆ: ಅಂಗಡಿಯಲ್ಲಿ ಗಿಟ್ಟದ ಬೆಲೆ ಹೇಳಿದವನನ್ನು ನೋಡುವ ಹಾಗೆ ನೋಡುತ್ತಿದ್ದರು. ಇನ್ನೊಮ್ಮೆ ಹೇಳು, ನೋಡೋಣ.

ಗೊತ್ತಿಲ್ಲ ಎನ್ನಬಹುದಾಗಿತ್ತು. ಅದೇ ನಿಜ. ಆ ಮಾತು ಶನಿವಾರವೂ ನನಗೆ ಬಂದಿರಲಿಲ್ಲ, ಭಾನುವಾರವೂ ಬರಲಿಲ್ಲ.

"ಗೋಡೆ," ಎಂದೆ. "ಮತ್ತೆ ಕೂತು ನೋಡ್ದೆ. ಹೊಟ್ಟೆ ಬಿಟ್ಟ ಗೋಡೆ ನಿಲ್ಲಲ್ಲ. ಅದೇ ಮೊದಲು ಹೋಗಿರೋದು. ನಾನು ಅವತ್ತು ತಪ್ಪು ಹೇಳ್ದೆ."

ಶನಿವಾರ ಮಾತಾಡಿದ ದನಿಯಲ್ಲೇ ಮಾತಾಡಿದ್ದೆ, ಅಷ್ಟೇ ಗಟ್ಟಿಯಾಗಿ.

"ಪಕ್ಕಾ?"

"ಪಕ್ಕಾ."

ಮಗ ಸೋಫಾದ ಬೆನ್ನಿಗೆ ಕೈ ಊರಿ ನಿಂತ. ಅವನಿಗೆ ಅಳು ಬರುತ್ತದೆ ಅಂದುಕೊಂಡೆ. ಬಂದದ್ದು ಸಮಾಧಾನ. ಇಪ್ಪತ್ತು ವರ್ಷ ಅವನು ಮಾಡಿದ್ದು ಮತ್ತೆ ಸರಿಯಾಗಿತ್ತು.

"ಹಂಗಾದ್ರ ತಪ್ಪು ಅವಂದ," ಎಂದ.

"ನಾ ಹೇಳಿದ್ದಿಲ್ಲೇನು?" ಎಂದರು ತಾಯಿ.

ಅವನು ಶೆಲ್ಫಿನ ಹತ್ತಿರ ಹೋಗಿ ಫೋಟೋ ತೆಗೆದ. ಎಲ್ಲಿಡುವುದು ಎಂದು ಅತ್ತಿತ್ತ ನೋಡಿ, ಚಾರ್ಜರು, ಹಳೆಯ ರಿಮೋಟು ತುಂಬಿದ ಡ್ರಾಯರ್ ಎಳೆದು ಒಳಗೆ ತುರುಕಿದ. ಫ್ರೇಮು ದಪ್ಪವಿತ್ತು, ಡ್ರಾಯರು ಮುಚ್ಚಲಿಲ್ಲ. ಎರಡು ಸಲ ತಳ್ಳಿದ. ಮೂರನೆಯ ಸಲಕ್ಕೆ ಗಾಜು ಚಿಟ್ಟೆಂದಿತು, ಡ್ರಾಯರು ಮುಚ್ಚಿತು. ಬಾಳೆಹಣ್ಣನ್ನು ಸುಲಿದು ನಿಂತಲ್ಲೇ ತಿಂದ.

ತಾಯಿ ನನ್ನನ್ನು ಊಟಕ್ಕೆ ಕೂರಿಸಿದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಅವರೂ ತಟ್ಟೆ ಹಾಕಿಕೊಂಡು ಎದುರಿಗೆ ಕುಳಿತರು, ಎಂಟು ದಿನದ ಹಸಿವಿದ್ದವರ ಹಾಗೆ ತಿಂದರು. ಎರಡನೆಯ ರೊಟ್ಟಿ ನನ್ನ ತಟ್ಟೆಗೆ ಹಾಕಲು ಬಗ್ಗಿದಾಗ ಮಗನಿಗೆ ಕೇಳದಷ್ಟು ಮೆಲ್ಲಗೆ, "ಮಗಳನ್ನ ಹೊರಗ ತಗಿಲಿಕ್ಕಿ ಹೋದಾಗ ಆ ಗ್ವಾಡಿ ನಿಂತೇ ಇತ್ತು" ಎಂದರು.

ಆಮೇಲೆ ದನಿ ಎತ್ತಿ, "ತಿನ್ನು ಯವ್ವಾ, ನಾಚ್ಕೋಬ್ಯಾಡ," ಎಂದು ಚಟ್ನಿ ಹಾಕಿದರು. ನಾನು ತಿಂದೆ.