ಗುರುವಾರದ ಚೀಟಿ

ನನ್ನ ಹೆಂಡತಿ ಫೆಲ್ಸಿ ಬಹರೈನಿನಲ್ಲಿ ಹನ್ನೆರಡು ವರ್ಷ ಹಾಡಿದಳು. ಗುರುವಾರ ಸಂಜೆ ಅದ್ಲಿಯಾ ಬಡಾವಣೆಯ ಹೋಟೆಲೊಂದರ ಬಾರಿನಲ್ಲಿ ಸೋಲ್ ಎಂಬ ಇಂಗ್ಲಿಷ್ ಸಂಗೀತ, ಶುಕ್ರವಾರ ಬೆಳಿಗ್ಗೆ ಇಗರ್ಜಿಯ ಕ್ವಾಯರಿನಲ್ಲಿ ಎಲ್ಲರ ಜೊತೆ ಗಾಸ್ಪೆಲ್ ಭಕ್ತಿಗೀತೆ. ಅಲ್ಲಿದ್ದ ನಮ್ಮೂರಿನವರ ಮದುವೆಗೂ ಅವಳೇ ಬೇಕು, ಸಾವಿನ ಪೂಜೆಗೂ ಅವಳೇ ಬೇಕು.

೨೦೦೯ರಲ್ಲಿ ಕ್ವಾಯರಿನ ಮುಖ್ಯಸ್ಥ ಯುಸ್ಟೇಸ್ ಅವಳನ್ನು ತೆಗೆದುಹಾಕಿದ. ಕುಡುಕರ ಮುಂದೆ ಹಾಡುವವಳು ದೇವರ ಮುಂದೆ ಹಾಡಬಾರದಂತೆ! ಹಾಗೆಂದ ಮಹಾನುಭಾವ ಪ್ರತಿ ಗುರುವಾರ ಹೆಂಡತಿಯ ಹತ್ತಿರ ಕ್ವಾಯರಿನ ಮೀಟಿಂಗ್ ಎಂದು ಸುಳ್ಳು ಹೇಳಿ ಅದೇ ಹೋಟೆಲಿಗೆ ಬರುತ್ತಿದ್ದ. ಎದುರಿನ ಮೇಜಿನಲ್ಲಿ ಗ್ಲಾಸು ಹಿಡಿದು ಕೂತು, ತನಗೆ ಬೇಕಾದ ಹಾಡನ್ನು ಚೀಟಿಯಲ್ಲಿ ಬರೆದು ವೇಟರ್ ಕೈಲಿ ಅವಳಿಗೆ ಕಳಿಸುತ್ತಿದ್ದ. ನನ್ನ ಮೈಯೆಲ್ಲ ಉರಿಯುತ್ತಿತ್ತು ಮಾರಾಯ್ರೆ. ಫೆಲ್ಸಿ ಸುಮ್ಮನೆ ಹಾಡುತ್ತಿದ್ದಳು.

೨೦೧೪ರಲ್ಲಿ ನಾವು ಮಂಗಳೂರಿಗೆ ಹೊರಟಾಗ ಅಲ್ಲಿನ ನಮ್ಮೂರಿನವರ ಸಂಘದವರು ಸನ್ಮಾನ ಇಟ್ಟರು. ಐದು ವರ್ಷ ತಿರುಗಿ ನೋಡದವರಿಗೆ ಈಗ ಶಾಲು, ಹಣ್ಣಿನ ಬುಟ್ಟಿ ನೆನಪಾಯಿತು! ಶಾಲು ಹೊದಿಸಿದ್ದೂ ಅದೇ ಯುಸ್ಟೇಸ್. "ಫೆಲ್ಸಿ ಬಾಯಿ, ಒಂದು ಭಕ್ತಿಗೀತೆ ಹಾಡಬೇಕು," ಎಂದು ಮೈಕ್ ಕೊಟ್ಟ.

ಅವಳು ನಕ್ಕಳು. "ಚೀಟಿ ಬರೆದು ಕಳಿಸಿ ಯುಸ್ಟೇಸ್ ಬಾಬ್. ಗುರುವಾರ ಹೋಟೆಲಿನಲ್ಲಿ ಹಾಗೇ ಅಲ್ವಾ ಕಳಿಸ್ತಿದ್ದದ್ದು?" ಎಂದಳು, ಮೈಕಿನಲ್ಲೇ.

ಮುಂದಿನ ಸಾಲಿನಲ್ಲಿದ್ದ ಅವನ ಹೆಂಡತಿ ಎದ್ದು ನಿಂತಳು.