ಟೈಲರಕ್ಕನ ತರ್ಜುಮೆ

ನಮ್ಮ ಚರ್ಚಿನ ಸಭೆಯಲ್ಲಿ ಹತ್ತೊಂಬತ್ತು ವರ್ಷ ಪ್ರಸಂಗ ಮಾಡಿದ್ದು ಪಾಸ್ಟರೋ ಟೈಲರಕ್ಕನೋ ಎಂದು ಯಾರಾದರೂ ಕೇಳಿದರೆ ಈಗ ನಾನು ಉತ್ತರ ಕೊಡಬಲ್ಲೆ. ಆಗ ಕೊಡಲು ಆಗುತ್ತಿರಲಿಲ್ಲ. ಆಗ ನನ್ನ ಹತ್ತಿರ ಇದ್ದದ್ದು ಎರಡು ಮೈಕು, ಮೂರು ಸ್ಪೀಕರು, ಮತ್ತೆ ಎಲ್ಲಾ ನನಗೇ ಗೊತ್ತು ಎನ್ನುವ ಜಂಭ. ನಾನು ಈ ಊರಿನ ಎಲೆಕ್ಟ್ರಿಷಿಯನ್. ಭಾನುವಾರ ಚರ್ಚಿನ ಮೈಕು ನೋಡಿಕೊಳ್ಳುತ್ತೇನೆ.

ನಮ್ಮದು ಸಣ್ಣ ಚರ್ಚು. ಮುಂದಿನ ಬೆಂಚುಗಳಲ್ಲಿ ಅಂಗಡಿಯವರು, ಮೇಷ್ಟ್ರುಗಳು, ನನ್ನಂಥವರು. ಹಿಂದಿನ ಆರು ಬೆಂಚುಗಳಲ್ಲಿ ಊರಾಚೆಯ ಇಟ್ಟಿಗೆ ಭಟ್ಟಿಯ ಕೆಲಸದವರು. ದೂರದಿಂದ ದುಡಿಯಲು ಬಂದವರು, ಅವರ ಮಾತೇ ಬೇರೆ. ನಮ್ಮ ಭಾಷೆಯಲ್ಲಿ ಅವರಿಗೆ ಉಪ್ಪು, ಬಸ್ಸು, ಎಷ್ಟು ಎನ್ನುವುದರಾಚೆ ಏನೂ ಬರುವುದಿಲ್ಲ. ಅವರ ಮಕ್ಕಳಿಗೆ ಎರಡೂ ಬರುತ್ತದೆ, ಆದರೆ ಪ್ರಸಂಗದ ಹೊತ್ತಿಗೆ ಮಕ್ಕಳೆಲ್ಲ ಪಕ್ಕದ ಕೋಣೆಯಲ್ಲಿ ಸಂಡೇ ಸ್ಕೂಲಿನಲ್ಲಿರುತ್ತಾರೆ, ಬೆಳೆದವರು ಕೆಲಸ ಹುಡುಕಿ ಪಟ್ಟಣಕ್ಕೆ ಹೋಗಿಬಿಡುತ್ತಾರೆ. ಹಾಗಾಗಿ ಪಾಸ್ಟರು ಒಂದು ವಾಕ್ಯ ಹೇಳಿ ನಿಲ್ಲುವುದು, ಪೀಠದ ಎಡಕ್ಕೆ ನಿಂತ ಟೈಲರಕ್ಕ ಅದನ್ನು ಹಿಂದಿನವರ ಮಾತಿನಲ್ಲಿ ಹೇಳುವುದು, ಇದು ನಮ್ಮ ಪದ್ಧತಿ.

ಅಕ್ಕ ಹುಟ್ಟಿದ್ದೇ ಆ ಭಟ್ಟಿಯ ಶೆಡ್ಡಿನಲ್ಲಿ. ಅವಳ ತಾಯಿ ಅಲ್ಲಿ ಇಟ್ಟಿಗೆ ಹೊತ್ತವಳು. ಊರಿನ ಟೈಲರನನ್ನು ಮದುವೆಯಾಗಿ, ಅವನು ತೀರಿಕೊಂಡ ಮೇಲೆ ಅವನದೇ ಹೊಲಿಗೆ ಯಂತ್ರ ತುಳಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದಳು. ಪಾಸ್ಟರದು ಒಂದು ಸಾಲಾದರೆ ಅಕ್ಕನದು ಯಾವಾಗಲೂ ಮೂರು ಸಾಲು. "ಪಾಸ್ಟರ್ ಅರ್ಧ ಮೀಟರ್ ಬಟ್ಟೆ ಕೊಟ್ರೆ ಅಕ್ಕ ಎರಡು ಮೀಟರ್ ಹೊಲೀತಾಳೆ" ಎಂದು ನಾವು ನಗುತ್ತಿದ್ದೆವು. ಆ ಭಾಷೆಯೇ ಉದ್ದವಿರಬೇಕು ಅಂದುಕೊಂಡಿದ್ದೆವು.

ಪಾಸ್ಟರ ಕೈ ಚಿನ್ನ, ಬಾಯಿ ಬೆಂಕಿ. ಭಟ್ಟಿಯಲ್ಲಿ ಯಾರಿಗಾದರೂ ಜ್ವರ ಬಂದರೆ ತಮ್ಮ ಸ್ಕೂಟರಿನಲ್ಲೇ ಕೂರಿಸಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ಯಾರಾದರೂ ತೀರಿಕೊಂಡರೆ ಗುಂಡಿ ತೋಡುವವರ ಜೊತೆ ತಾವೂ ಗುದ್ದಲಿ ಹಿಡಿಯುತ್ತಾರೆ. ಪೀಠ ಹತ್ತಿದರೋ, ನಾಲಗೆಗೆ ಮೂಗುದಾರವಿಲ್ಲ. ಮುಂದಿನ ಬೆಂಚಿನ ನಾವು ಬೈಸಿಕೊಂಡೂ ಬೈಸಿಕೊಂಡೂ ಚರ್ಮ ದಪ್ಪ ಮಾಡಿಕೊಂಡಿದ್ದೆವು. "ಅವರು ಹಾಗೇ, ಮನಸ್ಸಲ್ಲೇನಿಲ್ಲ" ಎಂದುಕೊಂಡು ಮನೆಗೆ ಹೋಗಿ ಊಟ ಮಾಡುತ್ತಿದ್ದೆವು.

ಹೋದ ವರ್ಷ ಅವರು ಸಣ್ಣ ಸಭೆಗಳ ಪಾಸ್ಟರುಗಳಿಗಾಗಿ ನಡೆದ ಎರಡು ದಿನದ ತರಬೇತಿಗೆ ಹೋಗಿ ಬಂದರು. ಬಂದ ಮೇಲೆ ಎಐ ಬಿಟ್ಟರೆ ಬೇರೆ ಮಾತಿಲ್ಲ. ವಾರದ ಪ್ರಕಟಣೆ ಅದೇ ಬರೆಯಿತು, ಹಾಡಿನ ಪಟ್ಟಿ ಅದೇ ಮಾಡಿತು. ಸಂಡೇ ಸ್ಕೂಲಿಗೆ ಚಿತ್ರ ಬಿಡಿಸು ಎಂದರೆ ನೋಹನ ನಾವೆಗೆ ಮೂರು ಕಿವಿಯ ಆನೆ ಹತ್ತಿಸಿತು. ಮಕ್ಕಳಿಗೆ ಅದೇ ಇಷ್ಟವಾಯಿತು. ಆಮೇಲೊಂದು ಭಾನುವಾರ ಅಕ್ಕ ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿಯುವುದನ್ನು ನೋಡಿ ಪಾಸ್ಟರಿಗೆ ಇನ್ನೊಂದು ಹೊಳೆಯಿತು.

"ಅಕ್ಕ, ಇನ್ಮೇಲೆ ನೀವು ಕೂತ್ಕೊಳ್ಳಿ. ತರ್ಜುಮೆ ಅದೇ ಮಾಡುತ್ತೆ" ಎಂದರು. ಪ್ರೀತಿಯಿಂದಲೇ ಹೇಳಿದರು. ಅದನ್ನು ಟ್ಯಾಬಿಗೆ ಹಾಕಿ, ಮೈಕಿಗೂ ಹಿಂದಿನ ಸ್ಪೀಕರಿಗೂ ಜೋಡಿಸುವ ಕೆಲಸ ನನಗೆ ಬಂತು.

ಮಾರನೆಯ ದಿನ ಅಕ್ಕ ನನ್ನ ಅಂಗಡಿಗೆ ಬಂದಳು.

"ತಮ್ಮಾ, ಆ ಎಐ ಹಾಕ್ಬೇಡ."

"ಯಾಕಕ್ಕ? ನಿನ್ನ ಕಾಲಿಗೇ ಒಳ್ಳೇದಲ್ವಾ?"

"ಕಾಲು ನನ್ನದು, ನೋವೂ ನನ್ನದು. ನಾನು ನಿಂತ್ಕೋತೀನಿ."

"ಕಾರಣ ಹೇಳು ಮತ್ತೆ."

ಅಕ್ಕ ಕೌಂಟರಿನ ಮೇಲಿದ್ದ ವೈರಿನ ಸುರುಳಿಯನ್ನು ಪಕ್ಕಕ್ಕೆ ಸರಿಸಿದಳು. "ಅದಕ್ಕೆ ನಮ್ಮ ಜನ ಗೊತ್ತಿಲ್ಲ" ಎಂದಳು.

"ಜಾಗ ಬಿಡೋದು ಎಲ್ರಿಗೂ ಕಷ್ಟಾನೇ ಬಿಡಕ್ಕ. ಕುರ್ಚೀಲಿ ಕೂತೋರಿಗೂ ಅಷ್ಟೇ, ಪೀಠದ ಪಕ್ಕ ನಿಂತೋರಿಗೂ ಅಷ್ಟೇ" ಎಂದು ನಾನು ನಕ್ಕೆ. ಅವಳಿಗೆ ಹೊಟ್ಟೆಯುರಿ ಎಂದು ಖಂಡಿತ ನಂಬಿದ್ದೆ. ಅಕ್ಕ ಮೆಟ್ಟಿಲಿಳಿದು ಹೋದಳು. ಆ ಮಾತು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಮೊದಲೆರಡು ಭಾನುವಾರ ಎಲ್ಲಾ ಸಲೀಸಾಗಿ ನಡೆಯಿತು. ಕಳೆದುಹೋದ ಕುರಿಯ ಪ್ರಸಂಗ, ಬಿತ್ತುವವನ ಪ್ರಸಂಗ. ಬಸ್ಸು ಎಷ್ಟು ಗಂಟೆಗೆ ಎಂದು ನಿಲ್ದಾಣದಲ್ಲಿ ಹೇಳುತ್ತಾರಲ್ಲ, ಅಂಥ ತಿಳಿಯಾದ ಹೆಣ್ಣುದನಿಯಲ್ಲಿ ಸ್ಪೀಕರು ಹೇಳಿತು. ಹಿಂದಿನವರು ಕತ್ತೆತ್ತಿ ಕೇಳಿದರು. ನಾನು ಬೀಗಿದೆ. ಅಕ್ಕ ಮುಂದಿನ ಬೆಂಚಿನ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು.

ಮೂರನೆಯ ಭಾನುವಾರ ಮಳೆ ಬಂದು ನಿಂತಿತ್ತು. ಭಟ್ಟಿಯವರು ಕೆಂಪು ಕೆಸರಲ್ಲಿ ನಡೆದು ಬಂದಿದ್ದರು, ನೆಲವೆಲ್ಲ ಹೆಜ್ಜೆ. ರಾತ್ರಿ ಪಾಳಿ ಮುಗಿಸಿ ಬಂದವರು ತೂಕಡಿಸುತ್ತಿದ್ದರು. ಪಾಸ್ಟರಿಗೆ ರೇಗಿಹೋಯಿತು.

"ಭಟ್ಟಿಯ ಮಣ್ಣೆಲ್ಲ ಕಾಲಲ್ಲಿ ಹೊತ್ತು ತಂದು ದೇವರ ಮನೇನ ತಿಪ್ಪೆ ಮಾಡ್ತೀರಿ. ಪ್ರಸಂಗ ಶುರುವಾದ್ರೆ ನಿದ್ದೆ, ಕಂಬಳಿ ಹಂಚೋ ದಿನ ಮಾತ್ರ ಕಣ್ಣು ಇಷ್ಟಗಲ! ಇಂಥ ಭಕ್ತಿ ದೇವರಿಗೆ ಬೇಕಾಗಿಲ್ಲ."

ನಾವು ಮುಂದಿನವರು ಎಂದಿನಂತೆ ಕೇಳಿಸಿಕೊಂಡೆವು. ಅಕ್ಕ ಮಾತ್ರ ಅರ್ಧ ಎದ್ದು ನನ್ನ ಕಡೆ ಕೈ ಬೀಸಿದಳು. ನನಗೆ ಅರ್ಥವಾಗುವಷ್ಟರಲ್ಲಿ ಸ್ಪೀಕರಿನ ದನಿ ಅಷ್ಟನ್ನೂ ಒಂದೂ ಬಿಡದೆ ಹೇಳಿ ಮುಗಿಸಿತ್ತು.

ಹಿಂದೆ ಒಬ್ಬ ಮುದುಕಿ ಇದ್ದಾಳೆ, ಎಲ್ಲರಿಗೂ ಅಜ್ಜಿ. ಅಕ್ಕನ ತಾಯಿಯ ಜೊತೆಗಾತಿ. ಅವಳು ಬಗ್ಗಿ ತನ್ನ ಪಾದ ನೋಡಿಕೊಂಡಳು. ತಲೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ತಾನು ಕಾಲಿಟ್ಟ ಜಾಗವನ್ನು ಒರೆಸಿದಳು. ಆಮೇಲೆ ಎದ್ದು ಹೊರಗೆ ಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಆರೂ ಬೆಂಚಿನವರು ಎದ್ದರು, ಪಕ್ಕದ ಕೋಣೆಯಿಂದ ಮಕ್ಕಳನ್ನು ಕರೆದುಕೊಂಡರು. "ಪ್ರಾರ್ಥನೆ ಇನ್ನೂ ಆಗಿಲ್ಲ" ಎಂದು ಪಾಸ್ಟರು ಮೈಕಿನಲ್ಲಿ ಹೇಳಿದರು. ಸ್ಪೀಕರು ಅದನ್ನೂ ಖಾಲಿ ಬೆಂಚುಗಳಿಗೆ ಹೇಳಿತು.

ಮುಂದಿನ ಭಾನುವಾರ ಭಟ್ಟಿಯವರು ಒಬ್ಬರೂ ಬರಲಿಲ್ಲ. ಪಾಸ್ಟರು ಭಟ್ಟಿಗೆ ಹೋದರು. ಕೂರಲು ಜಾಗ ಕೊಟ್ಟರಂತೆ, ಯಾರೂ ಎದುರಿಗೆ ಬರಲಿಲ್ಲವಂತೆ. ಮುಖ ಸಣ್ಣ ಮಾಡಿಕೊಂಡು ನನ್ನ ಅಂಗಡಿಗೆ ಬಂದರು.

"ಹತ್ತೊಂಬತ್ತು ವರ್ಷ ಇಲ್ಲದ್ದು ಈಗ ಯಾಕೆ? ಆ ಎಐ ಏನೋ ತಪ್ಪು ಹೇಳಿರ್ಬೇಕು. ನೋಡಪ್ಪ."

ನೋಡಿದೆ. ಅದು ಹೇಳಿದ್ದನ್ನು ಮತ್ತೆ ನಮ್ಮ ಭಾಷೆಗೆ ತಿರುಗಿಸಿದೆ. ತಿಪ್ಪೆ ತಿಪ್ಪೆಯೇ, ಕಂಬಳಿ ಕಂಬಳಿಯೇ. ಹಾಗಾದರೆ ಇಷ್ಟು ವರ್ಷ ಇದೇ ಬಾಯಿಯ ಮಾತನ್ನು ಅವರು ಹೇಗೆ ಕೇಳಿಸಿಕೊಂಡರು? ಪ್ರತಿ ಪ್ರಸಂಗದ ರೆಕಾರ್ಡಿಂಗ್ ನನ್ನ ಹತ್ತಿರ ಇರುತ್ತದೆ. ಹಳೆಯದೊಂದನ್ನು ಹಾಕಿ, ಅಕ್ಕನ ಮಾತನ್ನು ತಿರುಗಿಸು ಎಂದೆ.

ಪಾಸ್ಟರು: "ತಡವಾಗಿ ಬರೋರಿಗೆ ನಾಚಿಕೆಯಾದ್ರೂ ಬೇಡ್ವಾ?" ಅಕ್ಕ: "ರಾತ್ರಿಯೆಲ್ಲ ದುಡಿದು ಇಷ್ಟು ದೂರ ನಡೆದು ಬಂದಿದ್ದೀರಿ. ಬಾಗಿಲ ಹತ್ತಿರ ನೀರಿದೆ, ಕುಡಿದು ಕೂತ್ಕೊಳ್ಳಿ."

ಪಾಸ್ಟರು: "ಕುಡುಕರು ದೇವರ ರಾಜ್ಯದ ಹೊಸ್ತಿಲೂ ತುಳಿಯಲ್ಲ." ಅಕ್ಕ: "ಕುಡಿತ ಬಿಡೋಕಾಗದೆ ಒದ್ದಾಡೋರು ಆಮೇಲೆ ಪಾಸ್ಟರ ಹತ್ತಿರ ಬನ್ನಿ. ಅವರು ಬೈಯಲ್ಲ."

ಒಂದು ಕಡೆ ಪಾಸ್ಟರು ಬರೀ ಕೆಮ್ಮಿದ್ದರು. ಅದಕ್ಕೂ ಅಕ್ಕ, "ಪಾಸ್ಟರಿಗೆ ಹುಷಾರಿಲ್ಲ, ಆದ್ರೂ ನಿಮಗೋಸ್ಕರ ಬಂದಿದ್ದಾರೆ" ಎಂದಿದ್ದಳು.

ಒಬ್ಬನೇ ಕೂತು ಬಿದ್ದು ಬಿದ್ದು ನಕ್ಕೆ. ನಗುತ್ತಾ ನಗುತ್ತಾ ಒಂದು ನೆನಪಾಗಿ ನಗು ನಿಂತುಹೋಯಿತು. ಭಟ್ಟಿಯ ಒಬ್ಬ ಆಳು ನಿಜವಾಗಿಯೂ ಪಾಸ್ಟರ ಹತ್ತಿರ ಬಂದು ಅತ್ತು ಕುಡಿತ ಬಿಟ್ಟಿದ್ದ. ಪಾಸ್ಟರು ಆ ಕಥೆಯನ್ನು ತಮ್ಮ ಪ್ರಸಂಗದ ಫಲವೆಂದು ಹೋದಲ್ಲೆಲ್ಲ ಹೇಳುತ್ತಿದ್ದರು.

ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಕಂಡುಹಿಡಿದವನು ನಾನು ಎನ್ನುವ ಜಂಭ ಬಿಡಬೇಕಲ್ಲ. ಪಾಸ್ಟರಿಗೆ ಕೇಳಿಸಿದೆ. ನಾಲ್ಕು ಕೇಳಿದರು. ಐದನೆಯದಕ್ಕೆ ಟ್ಯಾಬನ್ನು ಮಗುಚಿಟ್ಟು ನೇರ ಅಕ್ಕನ ಅಂಗಡಿಗೆ ನಡೆದರು. ನಾನೂ ಹಿಂದೆ ಹೋದೆ.

"ಹತ್ತೊಂಬತ್ತು ವರ್ಷ ನೀವು ನನ್ನ ಮಾತನ್ನೇ ಹೇಳಿಲ್ಲ" ಎಂದರು ಪಾಸ್ಟರು.

ಅಕ್ಕ ಕತ್ತರಿ ಕೆಳಗಿಟ್ಟಳು. "ಹೌದು ಪಾಸ್ಟರೇ."

"ದೇವರ ಪೀಠದ ಪಕ್ಕ ನಿಂತು ಸುಳ್ಳು!"

"ಹಾಗೇ ಹೇಳಿದ್ರೆ ಮೊದಲನೇ ವಾರಾನೇ ಎದ್ದು ಹೋಗೋರು. ನೀವು ಅವರನ್ನ ಆಸ್ಪತ್ರೆಗೆ ಹೊತ್ಕೊಂಡು ಹೋಗ್ತೀರಿ, ಅವರ ಹೆಣದ ಮುಂದೆ ಅಳ್ತೀರಿ. ನಿಮ್ಮ ಕೈ ಒಂದು ಹೇಳುತ್ತೆ, ಬಾಯಿ ಇನ್ನೊಂದು ಹೇಳುತ್ತೆ. ನಾನು ಬಾಯಿನ ಕೈಗೆ ಹೊಂದಿಸ್ದೆ, ಅಷ್ಟೇ."

ಪಾಸ್ಟರು ಅಲ್ಲಿದ್ದ ಸ್ಟೂಲಿನ ಮೇಲೆ ಕೂತರು. "ನನಗೆ ಒಂದು ಸಲ ಹೇಳ್ಬಹುದಿತ್ತಲ್ಲಕ್ಕ" ಎಂದರು.

"ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ" ಎಂದು ಅಕ್ಕ ಅತ್ತಳು. ನಾನು ಅವಳು ಅತ್ತದ್ದನ್ನು ನೋಡಿದ್ದು ಅದೇ ಮೊದಲು.

ಆವತ್ತು ಸಂಜೆ ಅವಳು ಕುಂಟುತ್ತಾ ಭಟ್ಟಿಗೆ ಹೋಗಿ, ಇಷ್ಟು ವರ್ಷ ತಾನು ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಿಬಿಟ್ಟಳು. ಪಾಸ್ಟರು ಮಾತಾಡಬೇಕಂತೆ, ಒಂದೇ ಒಂದು ಸಲ ಬನ್ನಿ ಎಂದು ಕೇಳಿಕೊಂಡಳು. ಅಜ್ಜಿ ಹ್ಞೂಂ ಎನ್ನಲಿಲ್ಲ, ಊಹ್ಞೂಂ ಎನ್ನಲಿಲ್ಲ.

ಭಾನುವಾರ ಇಪ್ಪತ್ತು ಜನ ಬಂದರು. ಬಾಗಿಲ ಹತ್ತಿರದ ಬೆಂಚುಗಳಲ್ಲಿ ಒರಗದೆ ಕೂತರು. ಎಲ್ಲರೂ ಪಾದ ತೊಳೆದುಕೊಂಡು ಬಂದಿದ್ದರು.

"ಟ್ಯಾಬ್ ಬೇಡ, ಅಕ್ಕ ನಿಲ್ಲಲಿ" ಎಂದರು ಪಾಸ್ಟರು. ಹಾಳೆ ಇಲ್ಲದೆ ಮಾತಾಡಿದರು. "ಆವತ್ತಿನ ಮಾತು ಎಐ ಹೇಳಿದ್ದಲ್ಲ, ನಾನೇ ಹೇಳಿದ್ದು. ಇಷ್ಟು ವರ್ಷವೂ ಅಂಥದ್ದೇ ಹೇಳ್ತಾ ಬಂದಿದೀನಿ. ಈ ಗೋಡೆ ಎದ್ದಿರೋದು ನಿಮ್ಮ ಕೈಯ ಮಣ್ಣಿಂದ. ನನ್ನನ್ನ ಕ್ಷಮಿಸಿ." ಅವರ ಕಣ್ಣಲ್ಲಿ ನೀರಿತ್ತು.

ಅಕ್ಕ ಒಂದೊಂದೇ ವಾಕ್ಯ ಹೇಳಿದಳು. ಅವಳ ಮಾತು ಪಾಸ್ಟರ ಮಾತಿನಷ್ಟೇ ಚಿಕ್ಕದಾಗಿತ್ತು.

ಅಜ್ಜಿ ಎದ್ದು ನಿಂತು ಅಕ್ಕನನ್ನೇ ನೋಡುತ್ತಾ ಏನೋ ಕೇಳಿದಳು. ಅಕ್ಕನ ಮುಖ ಬಿಳಿಚಿಕೊಂಡಿತು.

"ಏನಂತಾರೆ?" ಎಂದರು ಪಾಸ್ಟರು.

"ಇದು ಅವರು ಹೇಳಿದ್ದಾ, ನೀನೇ ಸೇರಿಸಿದ್ದಾ ಅಂತ ಕೇಳ್ತಿದಾಳೆ." ಅಕ್ಕ ನನ್ನ ಕಡೆ ತಿರುಗಿದಳು. "ತಮ್ಮಾ, ಎಐ ಹಾಕು."

ಹಾಕಿದೆ. ಪಾಸ್ಟರು ಅದನ್ನೆಲ್ಲ ಮತ್ತೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಕಣ್ಣೀರು ಬರಲಿಲ್ಲ, ಮಾತು ಮಾತ್ರ ಬಂತು. ಬಸ್ ನಿಲ್ದಾಣದ ಆ ದನಿ ಕ್ಷಮೆಯನ್ನೂ ಹೇಳಿತು. ಅಜ್ಜಿ ಪೂರ್ತಿ ಕೇಳಿ, ತಲೆಯಾಡಿಸಿ, ಬೆಂಚಿಗೆ ಒರಗಿದಳು. ಉಳಿದವರೂ ಒರಗಿದರು. ಅಕ್ಕ ಮೆಟ್ಟಿಲಿಳಿದು ಹಿಂದಿನ ಬೆಂಚಿನ ತನಕ ನಡೆದು ಬಂದಳು. ಯಾರೂ ಸರಿದು ಜಾಗ ಕೊಡಲಿಲ್ಲ. ಪ್ರಾರ್ಥನೆ ಮುಗಿಯುವವರೆಗೂ ಅವಳು ಗೋಡೆ ಹಿಡಿದುಕೊಂಡು ನಿಂತಿದ್ದಳು.

ಸೋಮವಾರ ನಾನು ರೆಕಾರ್ಡಿಂಗ್ ಹಾಕಿ ತಿರುಗಿಸಿ ನೋಡಿದೆ. ಅಕ್ಕ ಹೇಳಿದ್ದಕ್ಕೂ ಎಐ ಹೇಳಿದ್ದಕ್ಕೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಟ್ಯಾಬ್ ಎತ್ತಿಕೊಂಡು ಅವಳ ಅಂಗಡಿಗೆ ಓಡಿದೆ.

"ಅಕ್ಕ, ನಡಿ, ಇದನ್ನ ಅಜ್ಜಿಗೆ ಕೇಳಿಸೋಣ. ನೀನು ಒಂದಕ್ಷರಾನೂ ಸೇರಿಸಿಲ್ಲ ಅಂತ ಅವಳಿಗೂ ಗೊತ್ತಾಗ್ಲಿ."

ಅಕ್ಕ ಹೊಲಿಗೆ ನಿಲ್ಲಿಸಲಿಲ್ಲ, ತಲೆಯೂ ಎತ್ತಲಿಲ್ಲ.

"ಬೇಡ ತಮ್ಮಾ. ನಮ್ಮಮ್ಮನಿಗೆ ಎದೆಹಾಲು ಇಲ್ಲದಾಗ ನನಗೆ ಹಾಲು ಕುಡಿಸಿದೋಳು ಅವಳು. ನಾನು ನಿಜ ಹೇಳ್ತಿದೀನಿ ಅಂತ ಅವಳ ಮುಂದೆ ಆ ಪೆಟ್ಟಿಗೆ ಸಾಕ್ಷಿ ಹೇಳ್ಬೇಕಾ?"